ಕುಡಿಕೆಯಲ್ಲಿ ಹಿಡಿಯಬಹುದಾಗಿದ್ದ ಗೂಡು

“ಬುದ್ಧಿ, ನೋಯಿಸುವ ನಿಜವನ್ನು ಎಷ್ಟು ದಿನ ಹೇಳದೆ ಇರಬಹುದು?” ಎಂದು ಷಡಕ್ಷರಿ ಕೇಳಿದ.

ಗುರುಗಳು ಮಠದ ಅಂಗಳದಲ್ಲಿ ವಿಭೂತಿಯ ಉಂಡೆಗಳನ್ನು ಬಿಸಿಲಿಗೆ ಇಡುತ್ತಿದ್ದರು. ತಲೆ ಎತ್ತಲಿಲ್ಲ.

“ಯಾರಿಗಪ್ಪ ನೋವಾಗೋದು?”

“ಯಾರಿಗೆ ಅಂತಲ್ಲ ಬುದ್ಧಿ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳೋನು ಬೆಳಗಿನಿಂದ ಒಂದೇ ಕಂಬವನ್ನು ಒರೆಸುತ್ತಾ ನಿಲ್ಲಲ್ಲ. ಆ ಕಂಬ ಸವೆದುಹೋಗೋ ಮೊದಲು ಬಂದು ಕೂತ್ಕೋ.”

ಷಡಕ್ಷರಿ ಬಂದು ಕುಳಿತ. ಹಿಂದಿನ ದಿನ ಅವನ ತಾಯಿ ಮಠಕ್ಕೆ ಬಂದುಹೋಗಿದ್ದಳು. ಜೊತೆಯಲ್ಲಿ ಅವಳ ತಮ್ಮನ ಮಗಳೂ ಬಂದಿದ್ದಳು. ಬುತ್ತಿಯ ಗಂಟನ್ನು ಅಷ್ಟು ದೂರ ಹೊತ್ತು ತಂದವಳು ಆ ಹುಡುಗಿ. ಮಗನ ಓದು ಮುಗಿದ ಕೂಡಲೇ ಇವಳನ್ನೇ ಮನೆ ತುಂಬಿಸಿಕೊಳ್ಳುತ್ತೇನೆ ಎಂದು ತಾಯಿ ಅಡುಗೆಮನೆಯವರಿಗೂ ಹೇಳಿ ಹೋಗಿದ್ದಳು. ಷಡಕ್ಷರಿ ಸಂನ್ಯಾಸ ಬೇಕೆಂದು ಗುರುಗಳ ಪಾದ ಹಿಡಿದು ವರ್ಷ ಕಳೆದಿತ್ತು. ಅದನ್ನು ಅವನು ತಾಯಿಗೆ ಹೇಳಿರಲಿಲ್ಲ. ತಾಯಿ ಮಾತನಾಡುವಾಗ ನಗುತ್ತ ನಿಂತಿದ್ದ. ಹುಡುಗಿ ಬಡಿಸಿದ್ದನ್ನು ಉಂಡಿದ್ದ.

“ಹೇಳದೆ ಇರೋದೂ ಒಂದು ದಯೆ ಅಲ್ಲವೇ ಬುದ್ಧಿ?” ಎಂದ.

“ಹಾಗಂತ ಒಬ್ಬ ಕುಂಬಾರನೂ ಅಂದುಕೊಂಡಿದ್ದ,” ಎಂದು ಗುರುಗಳು ಕೈಯ ಬೂದಿ ಕೊಡವಿಕೊಂಡರು. “ಅವನ ಕತೆ ಹೇಳುತ್ತೇನೆ. ನಡುವೆ ಜಾಣತನ ಮಾಡಬೇಡ. ಕೇಳು.”

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಮನೆಯಲ್ಲಿ ಮೂರೇ ಜನ. ಅವನು, ಅವನ ತಾಯಿ, ಅವನ ಹೆಂಡತಿ. ಒಳ್ಳೆಯ ಕೈ ಅವನದು. ಹೊಲದ ಮಣ್ಣು, ಕೆರೆಯ ಮಣ್ಣು, ಹುತ್ತದ ಮಣ್ಣು, ಯಾವುದನ್ನು ಕೊಟ್ಟರೂ ಕಣ್ಣು ಮುಚ್ಚಿ ಉಜ್ಜಿ ಹೇಳುತ್ತಿದ್ದ. ಆ ವಿದ್ಯೆಯನ್ನು ಅವನಿಗೆ ಕಲಿಸಿದವಳು ತಾಯಿಯೇ. ಅವಳಿಗೆ ಈಗ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕಾಣುತ್ತಿತ್ತು, ಮನುಷ್ಯರ ನೆರಳು ಕಾಣುತ್ತಿತ್ತು. ಅದಕ್ಕಿಂತ ಹೆಚ್ಚು ಕಾಣುತ್ತಿರಲಿಲ್ಲ.

ಅವನ ಹೆಂಡತಿ ತವರಿಲ್ಲದ ಹೆಣ್ಣು. ತಂದೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಅತ್ತೆಯೇ ಅವಳಿಗೆ ತಾಯಿ. ಎರಡು ಸಲ ಬಸಿರಾದಳು, ಎರಡು ಸಲವೂ ಮೂರು ತಿಂಗಳು ತುಂಬುವ ಮುಂಚೆ ಇಳಿದುಹೋಯಿತು. ಸೊಸೆ ಅತ್ತು ಸುಧಾರಿಸಿಕೊಂಡಳು. ಅತ್ತೆಗೆ ಸುಧಾರಿಸಿಕೊಳ್ಳಲು ಆಗಲಿಲ್ಲ. ಮುದುಕಿ ಊಟ ಬಿಟ್ಟಳು, ಮಾತು ಬಿಟ್ಟಳು, ನಡುಮನೆಯ ಗೋಡೆಗೆ ಒರಗಿ ಕುಳಿತುಬಿಟ್ಟಳು. ಸೊಸೆ ಮೂರನೆಯ ಸಲ ಬಸಿರಾದಾಗಲೂ ಅವಳು ಬಾಯಿಬಿಟ್ಟು ಸಂತೋಷ ಪಡಲಿಲ್ಲ. ಆಸೆ ಪಟ್ಟರೆ ಮತ್ತೆ ದೃಷ್ಟಿಯಾಗುತ್ತದೆ ಎಂದು ಹೆದರಿದ್ದಳು.

ಹೀಗಿರುವಾಗ ಒಂದು ದಿನ ನಡುಮನೆಯ ತೊಲೆಯ ಹತ್ತಿರ ಗುಂಯ್ ಎಂಬ ಸದ್ದು ಕೇಳಿತು.

ಷಡಕ್ಷರಿ, ಕುಂಬಾರ ಹುಳ ನೀನೂ ನೋಡಿದ್ದೀಯೆ. ಒಂಟಿ ಹುಳ. ಹಸಿ ಮಣ್ಣನ್ನು ಕಚ್ಚಿ ತಂದು ಗೋಡೆಯ ಮೇಲೆ ಗೂಡು ಕಟ್ಟುತ್ತದೆ. ತನ್ನ ಪಾಡಿಗೆ ತಾನು ಬಂದು ತನ್ನ ಪಾಡಿಗೆ ಹೋಗುತ್ತದೆ. ಅದು ಯಾರ ಮನೆಯಲ್ಲಿ ಗೂಡು ಕಟ್ಟುತ್ತದೋ ಆ ಮನೆಯಲ್ಲಿ ಕೂಸು ಹುಟ್ಟುತ್ತದೆ ಎಂದು ಆ ಊರಿನ ನಂಬಿಕೆ. ಗೂಡು ಒಡೆದರೆ ಬಸಿರೂ ಒಡೆಯುತ್ತದೆ ಎಂದು ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಕುಂಬಾರರ ಮನೆಯಲ್ಲಂತೂ ಅದು ನೆಂಟನಿದ್ದ ಹಾಗೆ. ನಮ್ಮ ಮಣ್ಣು, ನಮ್ಮ ಕಸುಬು, ನಮ್ಮ ಕುಲ ಅನ್ನುತ್ತಾರೆ.

ಸದ್ದು ಕೇಳಿದ ಮುದುಕಿ ಗೋಡೆ ಹಿಡಿದುಕೊಂಡು ಎದ್ದಳು. ಎಷ್ಟೋ ದಿನದ ಮೇಲೆ ಮಗನನ್ನು ಗಟ್ಟಿಯಾಗಿ ಕೂಗಿದಳು.

“ಬಾರೋ ಇಲ್ಲಿ! ನಮ್ಮ ಮನೆಗೆ ಕುಂಬಾರ ಹುಳ ಬಂದಿದೆ ಕಣೋ! ಹತ್ತಿ ನೋಡು, ಗೂಡು ಕಟ್ಟುತ್ತಿದೆಯಾ ನೋಡು!”

ಮಗ ಮಡಕೆ ತಿರುಗಿಸುತ್ತಿದ್ದ ತಿಗರಿ ಬಿಟ್ಟು ಬಂದ. ಒರಳನ್ನು ಉರುಳಿಸಿ ಇಟ್ಟು ಹತ್ತಿದ. ತೊಲೆಯ ಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗೂಡಿತ್ತು. ಅದು ಗೋಡೆಗೆ ಅಂಟಿರಲಿಲ್ಲ, ತೊಟ್ಟಿನಿಂದ ತೂಗಾಡುತ್ತಿತ್ತು. ಉಗುರಿನಿಂದ ಮುಟ್ಟಿದ. ಈರುಳ್ಳಿ ಸಿಪ್ಪೆಯ ಹಾಗೆ ಹಗುರವಾಗಿತ್ತು. ಅದು ಮಣ್ಣಲ್ಲ. ಮರವನ್ನು ಅಗಿದು ಮಾಡಿದ ಗೂಡು. ಹಿಂಡುಗಟ್ಟಿ ಕುಟುಕುವ ಕಡಜದ್ದು. ಮುಟ್ಟಿದ ಅರೆಗಳಿಗೆಯಲ್ಲಿ ಅವನಿಗೆ ತಿಳಿಯಿತು.

ಕೆಳಗೆ ತಾಯಿ ಮುಖ ಮೇಲೆತ್ತಿಕೊಂಡು ನಿಂತಿದ್ದಳು.

“ಏನಪ್ಪ, ಮಣ್ಣು ಹಸಿಯಾಗಿದೆಯಾ?”

ಕುಂಬಾರ ಅವಳ ಮುಖ ನೋಡಿದ. ಆ ಮುಖದಲ್ಲಿ ನಗು ಕಂಡು ಎಷ್ಟು ಕಾಲವಾಗಿತ್ತೋ.

“ಹೂಂ ಅವ್ವ, ಹಸಿಯಾಗಿದೆ,” ಎಂದ.

ಮುದುಕಿ ಅಲ್ಲೇ ಕೈಮುಗಿದಳು. ಸೊಸೆಯನ್ನು ಕರೆದು ಅವಳ ಹೊಟ್ಟೆ ಸವರಿದಳು. “ಈ ಸಲ ನಿಲ್ಲುತ್ತೆ ಕಣೇ ಮಗಳೇ. ಇದು ಎಲ್ಲೂ ಹೋಗಲ್ಲ,” ಎಂದಳು. ಆಮೇಲೆ ಒಂದು ತುಣುಕು ಬೆಲ್ಲ ಕೇಳಿ ತಿಂದಳು. ಆ ದಿನ ಅವಳು ಹೊಟ್ಟೆ ತುಂಬ ಉಂಡದ್ದನ್ನು ನೋಡಿ ಮಗನಿಗೆ ಕಣ್ಣೀರು ಬಂತು. ನಿಜ ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡ.

ಅವನನ್ನು ಆ ದಿನಕ್ಕೆ ನಾನು ಬಯ್ಯುವುದಿಲ್ಲ. ಆ ಜಾಗದಲ್ಲಿ ನಿಂತರೆ ನಾನೂ ಹಸಿಯಾಗಿದೆ ಅಂದೇನು. ಬಯ್ಯುವುದು ಮಾರನೆಯ ದಿನಕ್ಕೆ.

ಯಾಕೆಂದರೆ ಆಗ ಆ ಗೂಡಿನಲ್ಲಿದ್ದದ್ದು ಒಂದೇ ಹುಳ. ತಾಯಿ ಹುಳ. ಅದನ್ನು ತೆಗೆಯುವ ಬಗೆ ಕುಂಬಾರನಿಗೆ ಗೊತ್ತಿತ್ತು. ಮಡಕೆ ಒಣಗಿಸುವ ಚಪ್ಪರದಲ್ಲಿ ಕಡಜ ಕಟ್ಟಿದಾಗಲೆಲ್ಲ ಅವನ ತಂದೆ ಮಾಡುತ್ತಿದ್ದ. ಮುಸ್ಸಂಜೆಯಲ್ಲಿ ಹುಳ ಗೂಡಿಗೆ ಸೇರಿದ ಮೇಲೆ ಒಂದು ಪುಟ್ಟ ಮಣ್ಣಿನ ಕುಡಿಕೆಯನ್ನು ಗೂಡು ಒಳಗಾಗುವಂತೆ ಕೆಳಗಿನಿಂದ ಒತ್ತಿ ಹಿಡಿಯಬೇಕು. ತೊಲೆಗೂ ಕುಡಿಕೆಯ ಬಾಯಿಗೂ ನಡುವೆ ತೆಳ್ಳನೆಯ ಬಿದಿರ ದಬ್ಬೆ ಸರಿಸಬೇಕು. ತೊಟ್ಟು ಕಡಿದು ಗೂಡು ಕುಡಿಕೆಯೊಳಗೆ ಬೀಳುತ್ತದೆ. ಒದ್ದೆ ಬಟ್ಟೆ ಬಿಗಿದು ಕೆರೆಯ ಆಚೆ ಒಯ್ದು ಹೂತು ಬಂದರೆ ಮುಗಿಯಿತು. ಯಾರಿಗೂ ಕುಟುಕಿಸಿಕೊಳ್ಳುವ ಭಯವಿಲ್ಲ. ಕುಂಬಾರನ ಮನೆಯಲ್ಲಿ ಕುಡಿಕೆಗೆ ಬರವೇ?

“ಅವನು ತಾಯಿ ಮಲಗಿದ್ದಾಗ ತೆಗೆಯಬಹುದಿತ್ತಲ್ಲ ಬುದ್ಧಿ?” ಎಂದು ಷಡಕ್ಷರಿ ನಡುವೆ ಬಾಯಿ ಹಾಕಿದ.

“ನೋಡು, ಜಾಣತನ ಬಂತು,” ಎಂದರು ಗುರುಗಳು. “ಅವನಿಗೂ ಅದೇ ಹೊಳೆಯಿತು. ಹೇಳದೆ ತೆಗೆಯುವ ದಾರಿ ಹುಡುಕಿದ. ಹೇಳಿ ತೆಗೆಯುವ ದಾರಿ ಕಣ್ಣೆದುರಿಗೇ ಇತ್ತು.”

ಹೇಳದೆ ತೆಗೆಯಲು ಆಗಲಿಲ್ಲ. ಮುದುಕಿ ಆ ಸದ್ದಿನ ಕೆಳಗೇ ಚಾಪೆ ಹಾಸಿಕೊಂಡಳು. ಬೆಳಗ್ಗೆ ಎದ್ದರೆ ಮೊದಲು ಕಿವಿಗೊಟ್ಟು ಸದ್ದು ಕೇಳುತ್ತಿದ್ದಳು. ಗೂಡಿನ ಕೆಳಗಿನ ಗೋಡೆಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ಸದ್ದು ನಿಂತರೆ ಅವಳ ಜೀವವೇ ನಿಲ್ಲುತ್ತದೆ ಎಂದು ಮಗನಿಗೆ ಅನಿಸಿತು. ಮೂರು ತಿಂಗಳು ತುಂಬಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ.

ಮೂರು ತಿಂಗಳು ತುಂಬಿತು. ಬಸಿರು ನಿಂತಿತು. ಈಗ ಮುದುಕಿಯ ನಂಬಿಕೆ ಕಲ್ಲಿನಂತಾಯಿತು. ಸೊಸೆಯ ಹೊಟ್ಟೆಯೂ ಬೆಳೆಯಿತು, ಗೂಡೂ ಬೆಳೆಯಿತು. ಕುಡಿಕೆಯಲ್ಲಿ ಹಿಡಿಯುತ್ತಿದ್ದ ಗೂಡು ಮಡಕೆಯ ಗಾತ್ರಕ್ಕೆ ಬಂತು. ಒಂದು ಹುಳ ಇದ್ದದ್ದು ಹಿಂಡಾಯಿತು. ಬೆಳಕಿಂಡಿಯಿಂದ ಹೋಗುವವು, ಬರುವವು. “ಎಷ್ಟು ಜನ ನೆಂಟರು ಬಂದಿದ್ದಾರೆ ನೋಡೋ,” ಎಂದು ಮುದುಕಿ ಹಿಗ್ಗುತ್ತಿದ್ದಳು.

ಸೊಸೆಗೆ ಕಣ್ಣಿತ್ತಲ್ಲ. ಒಂದು ದಿನ ಗಂಡನನ್ನು ಹಿತ್ತಿಲಿಗೆ ಕರೆದಳು.

“ಅದು ಕುಂಬಾರ ಹುಳ ಅಲ್ಲ. ಅತ್ತೆಗೆ ನೀವು ಹೇಳ್ತೀರೋ, ನಾನು ಹೇಳಲೋ?”

“ನೀನು ಹೇಳಬೇಡ ಮಾರಾಯ್ತಿ. ಸೊಸೆ ಬಾಯಲ್ಲಿ ಬಂದರೆ ಅದಕ್ಕೆ ಬೇರೆಯೇ ಅರ್ಥ ಆಗುತ್ತೆ. ನಾನೇ ಹೇಳ್ತೀನಿ.”

“ಯಾವಾಗ?”

“ನಾಳೆ.”

ನಾಳೆ ಅಂದವನ ಮನೆ ಹಾಳು ಅಂತ ಊರೆಲ್ಲ ಹೇಳುತ್ತದೆ. ಹೇಳಿದವರೂ ನಾಳೆಯೇ ಅನ್ನುತ್ತಾರೆ. ಆ ನಾಳೆಗಳು ಕಳೆದವು. ಹೆಂಡತಿ ಮತ್ತೆ ಕೇಳಿದಳು. ಅವನಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

“ಹೇಳಿದ್ದಾಯಿತು ಕಣೇ. ಹೆರಿಗೆ ಆಗಲಿ, ಆಮೇಲೆ ತೆಗೆದರಾಯಿತು ಅಂದಳು ಅವ್ವ,” ಎಂದುಬಿಟ್ಟ.

ಹೆಂಡತಿ ನಂಬಿದಳು. ಅತ್ತೆಗೆ ಗೊತ್ತಿದೆ, ಇನ್ನು ಅತ್ತೆ ನೋಡಿಕೊಳ್ಳುತ್ತಾಳೆ ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಒಂದು ದಿನ ಅವನು ಆವಿಗೆಗೆ ಬೆಂಕಿ ಇಟ್ಟ. ಗಾಳಿ ತಿರುಗಿತು. ಮಡಕೆ ಬೇಯುವ ಹೊಗೆ ಬೆಳಕಿಂಡಿಯಿಂದ ನಡುಮನೆಗೆ ನುಗ್ಗಿತು. ಹುಳಗಳು ಕೆರಳಿ ಇಳಿದವು. ಪುಣ್ಯಕ್ಕೆ ಹೆಂಗಸರಿಬ್ಬರೂ ಹಿತ್ತಿಲಿನಲ್ಲಿದ್ದರು. ಬೆಳಕಿಂಡಿ ಮುಚ್ಚಲು ಒಳಗೆ ಹೋದ ಕುಂಬಾರನ ಭುಜಕ್ಕೆ ಒಂದು ಕಡಜ ಕುಟುಕಿತು. ಭುಜ ಊದಿಕೊಂಡು ಕೈ ಎತ್ತಲಾಗದೆ ತಿಗರಿ ನಿಂತಿತು.

“ಏನಾಯಿತಪ್ಪ?” ಎಂದು ತಾಯಿ ಊದಿದ ಜಾಗ ತಡವಿದಳು.

“ಕೆಂಡ ಸಿಡಿಯಿತು ಅವ್ವ,” ಎಂದ.

ಊತ ಇಳಿದ ಕೂಡಲೇ ಆವಿಗೆಯನ್ನು ಹೊಲದ ಆ ತುದಿಗೆ ಸಾಗಿಸಿದ. ಹೊಗೆ ಕಂಡರೆ ಅವು ಕೊಲ್ಲುತ್ತವೆ ಎಂದು ಅವನಿಗೆ ಗೊತ್ತಾಗಿತ್ತು. ಅಷ್ಟು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳು ಷಡಕ್ಷರಿ. ಮೊದಲು ಅವನು ಹೇಳದೆ ಇದ್ದದ್ದು ತಾಯಿಗೆ ನೋವಾಗುತ್ತದೆ ಎಂದು. ಈಗ ಹೇಳದೆ ಇದ್ದದ್ದು ಇಷ್ಟು ದಿನ ಯಾಕೋ ಹೇಳಲಿಲ್ಲ ಎಂದು ತಾಯಿ ಕೇಳುತ್ತಾಳಲ್ಲ ಎಂದು. ಮೊದಲಿನದು ದಯೆಯೇ ಇರಬಹುದು. ಎರಡನೆಯದು ಬರೀ ಅಂಜಿಕೆ. ಒಂದು ಹೋಗಿ ಇನ್ನೊಂದು ಬಂದು ಕೂತದ್ದು ಅವನಿಗೆ ತಿಳಿಯಲಿಲ್ಲ. ಅವನು ಅದನ್ನೂ ದಯೆ ಎಂದೇ ಕರೆಯುತ್ತಿದ್ದ.

ದಿನ ತುಂಬಿತು. ಸೂಲಗಿತ್ತಿ ಬಂದಳು. ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಕೂಸೂ ಸುಖವಾಗಿದ್ದರು. ಮುದುಕಿಯ ಸಂತೋಷವನ್ನು ಏನೆಂದು ಹೇಳಲಿ. ಊರಿಗೆಲ್ಲ ಸಕ್ಕರೆ ಹಂಚಿಸಿದಳು. ಗೂಡು ಈಗ ನೀರು ತುಂಬಿಡುವ ದೊಡ್ಡ ಗುಡಾಣದಷ್ಟಾಗಿತ್ತು. ತೊಲೆಯ ಒಂದು ಮೂಲೆಯೇ ಕಾಣುತ್ತಿರಲಿಲ್ಲ. ಕಂಡ ನೆರೆಯವರೂ ಮನೆಯವರಿಗೆ ಗೊತ್ತೇ ಇರುತ್ತದೆ ಎಂದು ಬಿಟ್ಟಿದ್ದರು.

ಕೂಸಿಗೆ ಅಜ್ಜಿ ನೀರು ಹಾಕುವ ದಿನ ಬಂತು. ಮುದುಕಿ ಬಚ್ಚಲಿನಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿ ನೀರು ಹೊಯ್ದಳು. ಕಣ್ಣಿಲ್ಲದಿದ್ದರೂ ಕೈಗೆ ಎಲ್ಲ ಗೊತ್ತಿತ್ತು. ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ನಡುಮನೆಗೆ ಬಂದಳು. ಒಡೆದ ಮಡಕೆಯ ಓಡಿನಲ್ಲಿ ಕೆಂಡ ತರಿಸಿದಳು. ಸಾಂಬ್ರಾಣಿಯ ಪೊಟ್ಟಣ ಬಿಚ್ಚಿದಳು. ನೀರು ಹಾಕಿದ ಕೂಸಿಗೆ ಹೊಗೆ ಹಿಡಿಯದ ಮನೆ ಎಲ್ಲಿದೆ? ಆದರೆ ಅವಳು ಕುಳಿತದ್ದು ಸರಿಯಾಗಿ ಗೂಡಿನ ಕೆಳಗೆ. ಕೂಸನ್ನು ಕರೆತಂದ ನೆಂಟರಿಗೆ ಕೂಸಿನ ಮುಖ ತೋರಿಸಬೇಕು, ಮೊದಲ ಧೂಪ ಅವರಿಗೂ ಸಲ್ಲಬೇಕು ಎಂದು ಅವಳ ಆಸೆ.

ಕೆಂಡ ತಂದಿಟ್ಟವನು ಕುಂಬಾರನೇ.

“ಅವ್ವ, ಹೊಗೆ ಬೇಡ. ಕೂಸಿಗೆ ಕೆಮ್ಮು ಬರುತ್ತೆ.”

ಮುದುಕಿ ನಕ್ಕಳು. “ಅಯ್ಯೋ ಹುಚ್ಚಪ್ಪ! ನಿನಗೂ ಇದೇ ಹೊಗೆ ಹಾಕಿ ಸಾಕಿದ್ದು. ನೀನೇನು ಕೆಮ್ಮಿ ಕೆಮ್ಮಿ ಸತ್ತೆಯಾ?”

ನಿಜ ನಾಲಗೆಯ ತುದಿಗೆ ಬಂದಿತ್ತು. ಅವ್ವ, ಅವು ಕಡಜ. ಇಷ್ಟೇ ಮಾತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಮಡಕೆ ಬೇಕೆಂದು ಕೂಗಿದರು. ಕುಂಬಾರ ಸದ್ಯ ಬದುಕಿದೆ ಎಂದುಕೊಂಡು ಹೊರಗೆ ಹೋದ. ಸ್ವಲ್ಪ ಹೊಗೆಗೆ ಏನೂ ಆಗಲಿಕ್ಕಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಗಿರಾಕಿಗೆ ಮಡಕೆಯನ್ನು ತಟ್ಟಿ ತೋರಿಸುತ್ತಿದ್ದಾಗ ಒಳಗಿನಿಂದ ಕೂಗು ಕೇಳಿತು.

ಬಾಣಂತಿ ಒಳಕೋಣೆಯಲ್ಲಿ ಮಲಗಿದ್ದಳು. ಸಾಂಬ್ರಾಣಿಯ ವಾಸನೆ ಬಂತು. ಅತ್ತೆ ಹಿತ್ತಿಲಿನಲ್ಲಿ ಹೊಗೆ ಹಿಡಿಯುತ್ತಿರಬೇಕು ಎಂದುಕೊಂಡಳು. ಅತ್ತೆಗೆ ಗೊತ್ತಿದೆಯಲ್ಲ. ಆಮೇಲೆ ತೊಲೆಯ ಕಡೆಯಿಂದ ಸದ್ದು ಬದಲಾಯಿತು. ಅವಳು ಎದ್ದು ಓಡಿ ಬಂದಳು. ಹುಳಗಳು ಸುರಿಯುತ್ತಿದ್ದವು. ಮುದುಕಿ ದಿಕ್ಕು ತೋಚದೆ ಕೈ ಬೀಸುತ್ತ, “ನಾವು ಕಣ್ರಪ್ಪ, ನಾವು, ನಿಮ್ಮವರು,” ಎನ್ನುತ್ತಿದ್ದಳು. ಸೊಸೆ ಅತ್ತೆಯ ತೊಡೆಯಿಂದ ಕೂಸನ್ನು ಕಿತ್ತುಕೊಂಡಳು. ಓಡಲು ಹೊತ್ತಿರಲಿಲ್ಲ. ಕೂಸನ್ನು ನೆಲಕ್ಕೆ ಹಾಕಿ, ಅದರ ಮೇಲೆ ತಾನು ಬೋರಲು ಬಿದ್ದಳು. ಬೆನ್ನು, ಕತ್ತು, ತಲೆ ಎಲ್ಲವನ್ನೂ ಅವುಗಳಿಗೆ ಕೊಟ್ಟಳು.

ಕುಂಬಾರ ಗೋಣಿಚೀಲ ಹೊದ್ದು ಒಳಗೆ ನುಗ್ಗಿ ಮೂವರನ್ನೂ ಎಳೆದು ತಂದ. ಕೂಸಿಗೆ ಒಂದು ಹುಳವೂ ಮುಟ್ಟಿರಲಿಲ್ಲ. ಮುದುಕಿಯ ಮುಖ ಕೈ ಊದಿದ್ದವು, ಜೀವಕ್ಕೆ ಅಪಾಯವಿರಲಿಲ್ಲ. ಹೆಂಡತಿ ಸಂಜೆಯವರೆಗೆ ಇದ್ದಳು. ಹಸಿ ಮೈ, ಅಷ್ಟು ವಿಷ ಎಲ್ಲಿ ತಡೆದೀತು. ಪಂಡಿತರು ಬಂದು ನೋಡಿ ತಲೆ ತಗ್ಗಿಸಿ ಕುಳಿತರು. ಹೋಗುವ ಮುಂಚೆ ಅವಳು ಗಂಡನನ್ನು ನೋಡಿ ಒಂದೇ ಮಾತು ಆಡಿದಳು.

“ಅತ್ತೆಗೆ ಹೇಳಿದ್ದೀನಿ ಅಂದಿದ್ದಿರಲ್ಲ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಗಾದೆಯನ್ನು ಇನ್ನೊಬ್ಬರ ಮಡಕೆ ಒಡೆದಾಗ ನಾವು ನಗುತ್ತ ಹೇಳುತ್ತೇವೆ. ಅವನ ಮನೆಯಲ್ಲಿ ಆ ದಿನ ಯಾರೂ ಅದನ್ನು ಹೇಳಲಿಲ್ಲ. ಮನೆಯೇ ಒಡೆದುಹೋಗಿತ್ತು.

ಊರವರು ಕಂಬಳಿ ಹೊದ್ದು ಪಂಜು ಹಿಡಿದು ಬಂದು ಗೂಡನ್ನು ಸುಟ್ಟರು. ಅರೆಸುಟ್ಟ ಗೂಡು ತೊಲೆಯಿಂದ ಕಳಚಿ ಚೂರು ಚೂರಾಗಿ ಬಿತ್ತು. ಸೊಸೆಯನ್ನು ಮಣ್ಣು ಮಾಡಿ ಬಂದ ಮೇಲೆ ಮುದುಕಿ ನೆಲ ತಡವುತ್ತ ಹೋಗಿ ಒಂದು ಚೂರನ್ನು ಎತ್ತಿಕೊಂಡಳು. ಬೆರಳುಗಳ ನಡುವೆ ಉಜ್ಜಿದಳು. ಜೀವಮಾನವೆಲ್ಲ ಮಣ್ಣು ನಾದಿದವಳ ಬೆರಳು ಅದು.

“ಇದು ಮಣ್ಣಲ್ಲವಲ್ಲೋ ಮಗಾ,” ಎಂದಳು.

ಮಗ ಉಳಿದ ಚೂರುಗಳನ್ನು ಗುಡಿಸತೊಡಗಿದ.

“ನನಗೆ ಕಣ್ಣಿಲ್ಲ. ನೀನು ಹತ್ತಿ ನೋಡಿದ್ದೆಯಲ್ಲಪ್ಪ. ನಿನಗೂ ಗೊತ್ತಾಗಲಿಲ್ಲವಾ?”

“ಗೊತ್ತಾಗಲಿಲ್ಲ ಅವ್ವ,” ಎಂದ ಅವನು.

ಮುದುಕಿ ಅವನ ತಲೆ ಸವರಿದಳು. “ಹೋಗಲಿ ಬಿಡು ಕಂದ. ನಾನು ಹಾಗೆ ಕುಣಿದಾಡಿದೆ, ನಿನ್ನ ಕಣ್ಣನ್ನೂ ಕಟ್ಟಿಹಾಕಿದೆ. ನೀನೇನು ಮಾಡೀಯೆ. ನನ್ನ ಆಸೆಯೇ ಅವಳನ್ನು ತಿಂದಿತು.”

ಅಲ್ಲಿಂದಾಚೆಗೆ ಅವಳು ಕೂಸನ್ನು ಮುಟ್ಟಲಿಲ್ಲ. ನನ್ನ ಕೈ ಒಳ್ಳೆಯದಲ್ಲ ಎಂದುಬಿಟ್ಟಳು. ಪಕ್ಕದ ಮನೆಯ ಹೆಂಗಸು ಬಂದು ನೀರು ಹಾಕಿ ಹೋಗುತ್ತಿದ್ದಳು. ಕೂಸು ಅಂಬೆಗಾಲಿಟ್ಟಿತು, ಅಜ್ಜಿಯ ಕಡೆಗೇ ಬರುತ್ತಿತ್ತು. ತೊಡೆ ಹಿಡಿದು ನಿಲ್ಲುತ್ತಿತ್ತು. ಮುದುಕಿ ಎರಡು ಕೈಗಳನ್ನೂ ಸೆರಗಿನೊಳಗೆ ಅಡಗಿಸಿಕೊಂಡು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮೊಮ್ಮಗು ಬೇಕೆಂದು ಅನ್ನ ಬಿಟ್ಟಿದ್ದ ಮುದುಕಿ, ಷಡಕ್ಷರಿ, ಮನೆಯಲ್ಲಿ ಮೊಮ್ಮಗು ಆಡುತ್ತಿದ್ದರೂ ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ತಿಗರಿಯ ಮುಂದೆ ಕುಳಿತ ಮಗ ಅದನ್ನೆಲ್ಲ ನೋಡುತ್ತಿದ್ದ. ಅವ್ವ, ನನಗೆ ಗೊತ್ತಿತ್ತು, ತಪ್ಪು ನಿನ್ನದಲ್ಲ ಎಂದು ಒಂದು ಮಾತು ಆಡಿದ್ದರೆ ಆ ಕೂಸು ಆ ತೊಡೆಯ ಮೇಲೆ ಕೂರುತ್ತಿತ್ತು. ಆಡಬೇಕೆಂದು ಎಷ್ಟೋ ಸಲ ಎದ್ದ. ಎದ್ದವನು ಮಡಕೆ ಒಣಗಿದೆಯೇ ನೋಡಲು ಹೋದ. ಈ ವಯಸ್ಸಿನಲ್ಲಿ ಇನ್ನೊಂದು ನೋವು ಯಾಕೆ ಎಂದುಕೊಂಡ. ಪಾಪ, ಅವನ ಬಳಿ ದಯೆಗೆ ಎಂದೂ ಕೊರತೆಯಾಗಲಿಲ್ಲ.

ಮುದುಕಿ ಒಂದು ದಿನ ಕುಳಿತಲ್ಲೇ ಹೋದಳು. ಗುಂಡಿ ತೋಡಿದರು, ಇಳಿಸಿದರು. ಹಿಡಿ ಮಣ್ಣು ಹಾಕು ಎಂದು ಹಿರಿಯರು ಮಗನಿಗೆ ಹೇಳಿದರು. ಹಿಂದಿನ ದಿನ ಮಳೆಯಾಗಿತ್ತು. ಅವನು ಬಗ್ಗಿ ಒಂದು ಹಿಡಿ ಎತ್ತಿಕೊಂಡ. ಮಣ್ಣು ಹಸಿಯಾಗಿತ್ತು. ಹಸಿಯಾಗಿದೆಯಾ ಎಂದು ಅವ್ವ ಕೇಳಿದ್ದು ಅವನಿಗೆ ನೆನಪಾಯಿತು. ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತು, ಎಲ್ಲರಿಗೂ ಕೇಳುವ ಹಾಗೆ ಗೋಳಾಡಿದ.

“ಅವ್ವಾ, ಅದು ಮಣ್ಣಾಗಿರಲಿಲ್ಲ! ನನಗೆ ಗೊತ್ತಿತ್ತು ಕಣವ್ವಾ, ಮೊದಲ ದಿನವೇ ಗೊತ್ತಿತ್ತು!”

ದುಃಖದಲ್ಲಿ ಏನೋ ಹಲುಬುತ್ತಿದ್ದಾನೆ ಎಂದು ಜನ ಅವನ ರಟ್ಟೆ ಹಿಡಿದು ಎಬ್ಬಿಸಿದರು. ಕೇಳಬೇಕಾದವಳಿಗೆ ಕೇಳಿಸಲಿಲ್ಲ. ಕೇಳಿಸಿಕೊಂಡವರಿಗೆ ಅರ್ಥವಾಗಲಿಲ್ಲ.

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಹೊರಟ. ಮಾತು ಬಂದಿದ್ದ ಕೂಸು. ದಾರಿಯಲ್ಲಿ ಕೇಳಿತು.

“ಅಪ್ಪ, ಅಜ್ಜಿ ನನ್ನ ಯಾಕೆ ಎತ್ತಿಕೊಳ್ಳಲೇ ಇಲ್ಲ?”

ಕುಂಬಾರ ಹೆಗಲ ಮೇಲಿನ ಅವಳ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡ.

“ಅಜ್ಜಿಗೆ ಕೈ ನೋವಿತ್ತು ಕಣವ್ವ,” ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಅಂಗಳದ ಬಿಸಿಲು ಸರಿದು ಉಂಡೆಗಳ ಮೇಲೆ ಗೋಡೆಯ ನೆರಳು ಬಿದ್ದಿತ್ತು. ಅವರು ಒಂದೊಂದನ್ನೇ ಎತ್ತಿ ಬಿಸಿಲಿಗೆ ಸರಿಸತೊಡಗಿದರು. ಷಡಕ್ಷರಿಗೆ ಸಹಾಯ ಮಾಡಬೇಕೆಂದು ತೋಚಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು.

“ಬುದ್ಧಿ,” ಎಂದ, “ಮುಂದಾದರೂ ಆ ಮಗಳಿಗೆ ಅವನು ನಿಜ ಹೇಳಿದನೇ?”

“ಅವನ ಮನೆ ಅವನಿಗಿರಲಿ,” ಎಂದರು ಗುರುಗಳು. “ನಿಮ್ಮ ಮನೆಯ ಗೂಡು ಈಗ ಕುಡಿಕೆಯಲ್ಲಿ ಹಿಡಿಯುತ್ತದೋ, ಗುಡಾಣ ಬೇಕೋ?”